ಮಾತಿಗೆ ಕಟ್ಟಿದ ಬಾಲ

ಎದುರು ಮನೆಯ ಮುರಳೀಕೃಷ್ಣನಿಗೆ ಮೊದಲು ಸಕ್ಕರೆ ಕಾಯಿಲೆ ಒಂದೇ ಇತ್ತು. ಕಥೆ ಬರೆಯುವ ಕಾಯಿಲೆ ಇನ್ಶೂರೆನ್ಸ್ ಕಂಪನಿಯಿಂದ ನಿವೃತ್ತನಾದ ಮೇಲೆ ಬಂತು. ಸಕ್ಕರೆಗೆ ಮಾತ್ರೆ ಇದೆ. ಎರಡನೆಯದಕ್ಕೆ ಇಲ್ಲದ್ದರಿಂದ ಏನೇನಾಯಿತು ಎಂಬುದನ್ನು ನಾನು ನಮ್ಮ ಬಾಲ್ಕನಿಯಲ್ಲಿ ಕೂತು ಕಣ್ಣಾರೆ ಕಂಡಿದ್ದೇನೆ. ಕಾಣದ ಭಾಗವನ್ನು ಅವನ ಹೆಂಡತಿ ಪಟಾಲಮ್ಮ ನನ್ನ ಹೆಂಡತಿಗೆ ಹೇಳಿದ್ದಾಳೆ, ಹಾಗಾಗಿ ಅದು ಕಂಡದ್ದಕ್ಕಿಂತ ಖಚಿತ.

ಅತ್ತಿಗುಪ್ಪೆಯ ನಮ್ಮ ಅಡ್ಡರಸ್ತೆಯಲ್ಲಿ ಆ ಮನೆ ಮೂರು ಅಂತಸ್ತಿನದು. ಪಟಾಲಮ್ಮನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಎದ್ದದ್ದು. ಕೆಳಗೆ ಹಿರಿಯ ಮಗ ದೊಡ್ಡಹನುಮಯ್ಯ, ಬಾಡಿಗೆ ವಸೂಲಿ ಮಾಡಿಕೊಂಡು ಆರಾಮಾಗಿದ್ದವನು. ನಡುವಿನ ಅಂತಸ್ತಿನಲ್ಲಿ ಕಿರಿಯವನು ಕೃಷ್ಣಪ್ಪ, ಕಾಮಾಕ್ಷಿಪಾಳ್ಯದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಮೇಲಿನ ಒಂಟಿ ಕೋಣೆಯಲ್ಲಿ ತಂಗಿ ಪಟಾಲಮ್ಮ ಮತ್ತು ಅವಳ ಗಂಡ, ನಮ್ಮ ಮುರಳೀಕೃಷ್ಣ. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು. ದೊಡ್ಡಹನುಮಯ್ಯನ ಮಗಳ ಮದುವೆ ಕಾರ್ಡಿನಲ್ಲಿ ಆಗಮನ ಬಯಸುವವರ ಸಾಲಿನೊಳಗೆ ತಮ್ಮನ ಹೆಸರು ಹೆಣ್ಣಿನ ಸೋದರಮಾವನ ಹೆಸರಿನ ಕೆಳಗೆ ಅಚ್ಚಾಗಿತ್ತು. ಅದು ಪ್ರೆಸ್ಸಿನವನ ತಪ್ಪು ಎಂದು ಅಣ್ಣ ಅಂದ. ಪ್ರೆಸ್ಸಿನವನಿಗೆ ನಮ್ಮ ಮನೆ ಹಿರಿತನ ಕಿರಿತನ ಹೇಗೆ ಗೊತ್ತು ಎಂದು ತಮ್ಮ ಅಂದ. ಅದೇ ಅವರು ನೇರವಾಗಿ ಆಡಿದ ಕೊನೆಯ ಮಾತು.

ಆದರೆ ಒಂದೇ ಗೇಟು, ಒಂದೇ ಸಂಪು, ಒಬ್ಬಳೇ ತಾಯಿ. ಮಾತಾಡದೆ ನಡೆಯುವುದಿಲ್ಲ. ಅದಕ್ಕೆ ಮುರಳೀಕೃಷ್ಣನನ್ನು ಇಟ್ಟುಕೊಂಡಿದ್ದರು. ಇಬ್ಬರೂ ಗೇಟಿನ ಹತ್ತಿರ ಒಂದು ಮೊಳ ದೂರದಲ್ಲಿ ನಿಂತಿದ್ದರೂ ಅಣ್ಣ ಮುರಳಿಯ ಮುಖ ನೋಡಿ ನೀರು ಬಂತಾ ಕೇಳು ಎನ್ನುತ್ತಿದ್ದ. ತಮ್ಮ ಮುರಳಿಯ ಮುಖ ನೋಡಿ ಬಂತು ಅಂತ ಹೇಳು ಎನ್ನುತ್ತಿದ್ದ. ಮುರಳಿ ಎರಡನ್ನೂ ಶ್ರದ್ಧೆಯಿಂದ ದಾಟಿಸುತ್ತಿದ್ದ. ಈ ಕೆಲಸ ಪಟಾಲಮ್ಮನಿಗೂ ಬಂದಿತ್ತು, ನಾನೇನು ಕೊರಿಯರ್ ಅಂಗಡಿ ಇಟ್ಟಿಲ್ಲ ಎಂದು ಅವಳು ಕೈಕೊಡವಿದ್ದಳು.

ತಾಯಿ ಚಿಕ್ಕಲಕ್ಷ್ಮಮ್ಮನವರು ಒಂದು ತಿಂಗಳು ಕೆಳಗೆ ಹಿರಿಯವನಲ್ಲಿ, ಒಂದು ತಿಂಗಳು ಮೇಲೆ ಕಿರಿಯವನಲ್ಲಿ. ಕಾಲು ಸ್ವಾಧೀನ ತಪ್ಪಿತ್ತು. ಅಮಾವಾಸ್ಯೆ ಕಳೆದ ಮರುದಿನ ಅವರನ್ನು ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಹಿಂದಿನ ಶೆಡ್ಡಿನಲ್ಲಿದ್ದ ಗಾರೆ ಕೆಲಸದ ಅಮೀನಪ್ಪ ಮುಂದೆ, ಮುರಳಿ ಹಿಂದೆ ಹಿಡಿದು ಸಾಗಿಸುತ್ತಿದ್ದರು. ಮೆಟ್ಟಿಲು ತಿರುಗುವ ಕಡೆ ಕುರ್ಚಿ ಇಳಿಸಿ ಉಸಿರು ತೆಗೆದುಕೊಳ್ಳುವುದು. ಅಲ್ಲಿಯವರೆಗೆ ಒಬ್ಬ ಮಗನ ಜವಾಬ್ದಾರಿ, ಅಲ್ಲಿಂದ ಆಚೆ ಇನ್ನೊಬ್ಬನದು. ಇದನ್ನು ನೋಡಲು ಬೀದಿಯ ಮಕ್ಕಳು ಸೇರುತ್ತಿದ್ದವು, ನಾನೂ ಸೇರುತ್ತಿದ್ದೆ.

ಆ ಮುದುಕಿಗೆ ಬೇಕಿದ್ದದ್ದು ಒಂದೇ. ಕುರ್ಚಿಯಲ್ಲಿ ಕೂತಾಗಲೆಲ್ಲ ಅಳಿಯನಿಗೆ ಹೇಳುತ್ತಿದ್ದರು.

"ಇಬ್ರೂ ಒಂದ್ ಸಲ ನನ್ ಮುಂದೆ ಕೂತ್ಕಂಡು ಮಾತಾಡ್ಲಿ ಮುರಳಪ್ಪ. ಜಗಳನಾದ್ರೂ ಆಡ್ಲಿ. ನನ್ ಕಿವೀಲಿ ಕೇಳ್ಬೇಕು, ಅಷ್ಟೇಯ."

ಹಾಗೆ ನೋಡಿದರೆ ಅದು ಆಗುವ ಲಕ್ಷಣವೂ ಇತ್ತು. ಅಣ್ಣನ ಬಿಪಿ ಮಾತ್ರೆ ಬದಲಾಯಿಸಿದರಂತಲ್ಲ, ಹೊಂದುತ್ತಾ ಕೇಳು ಎಂದು ಕೃಷ್ಣಪ್ಪ ಒಮ್ಮೆ ತಾನಾಗಿ ಹೇಳಿಕಳಿಸಿದ್ದ. ದೊಡ್ಡಹನುಮಯ್ಯ ಆ ದಿನ ಪೂರ್ತಿ ಗೇಟಿನ ಹತ್ತಿರ ಸುಮ್ಮನೆ ಓಡಾಡಿಕೊಂಡಿದ್ದ. ಇನ್ನೊಂದು ಹಬ್ಬದೊಳಗೆ ಒಂದಾಗುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಅಷ್ಟರಲ್ಲಿ ಮುರಳೀಕೃಷ್ಣ ಕಥೆ ಬರೆಯುವುದನ್ನು ಕಲಿಯಲು ಹೋದ.

ವಿಜಯನಗರದಲ್ಲಿ ಒಂದು ದರ್ಶಿನಿ ಹೋಟೆಲಿನ ಮೇಲಿನ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ ಕಥಾ ಕಮ್ಮಟ ನಡೆಯುತ್ತಿತ್ತು. ನಡೆಸುತ್ತಿದ್ದವರು ಶಿವಯೋಗಿ ಎಂಬ ಧಾರವಾಡ ಕಡೆಯ ಮೇಷ್ಟ್ರು. ಮೊದಲ ಪಾಠ ಸಂಭಾಷಣೆಯ ಮೇಲೆ. ಮಾತು ಮುಗಿದ ಮೇಲೆ ಬರುವ ಎಂದ, ಎಂದಳು ಇವೆಯಲ್ಲ, ಅವನ್ನು ಮೇಷ್ಟ್ರು ಮಾತಿನ ಬಾಲ ಎಂದು ಕರೆದರಂತೆ. ಆಮೇಲೆ ಬೋರ್ಡಿನ ಮೇಲೆ ಗುಡುಗಿದ, ಬುಸುಗುಟ್ಟಿದ, ಗದ್ಗದಿತನಾದ, ಹಲ್ಲು ಕಡಿದ, ಕುಹಕವಾಡಿದ ಎಂದು ಮೇಲಿನಿಂದ ಕೆಳಗಿನವರೆಗೆ ಬರೆದರಂತೆ. ಇವನ್ನು ಹೊಸಬರು ಮಾಡುವ ತಪ್ಪಿಗೆ ಉದಾಹರಣೆ ಎಂದು ಬರೆದದ್ದು. ಅದನ್ನು ಹೇಳಿದ್ದು ಕಾಫಿ ವಿರಾಮದ ನಂತರ. ಮುರಳೀಕೃಷ್ಣ ವಿರಾಮದಲ್ಲಿ ಕೆಳಗಿಳಿದು, ಸಕ್ಕರೆ ಇಲ್ಲದ ಕಾಫಿಗಾಗಿ ಕ್ಯಾಷಿಯರ್ ಜೊತೆ ವಾದ ಮಾಡಿ, ಬೋರ್ಡು ಒರೆಸಿದ ಮೇಲೆ ವಾಪಸ್ ಬಂದಿದ್ದ.

ಮರುದಿನ ಬೆಳಿಗ್ಗೆ ಅವನು ನನಗೆ ಸಿಕ್ಕು, ಹಾಲಿನವನು ಇವತ್ತು ಅರ್ಧ ಲೀಟರ್ ಪ್ಯಾಕೆಟ್ ಬಂದಿಲ್ಲವೆಂದು ಗದ್ಗದಿತನಾದ ಎಂದ. ಪಾಪ, ಅವನ ಮನೆಯಲ್ಲಿ ಏನಾದರೂ ಆಯಿತೇ ಎಂದು ನಾನು ಚಪ್ಪಲಿ ಮೆಟ್ಟಿ ಹೊರಟೆ. ಹಾಲಿನವನು ಕ್ರೇಟಿನ ಮೇಲೆ ಕೂತು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ವಾಪಸ್ ಬಂದು ಕೇಳಿದರೆ, ಬರೀ ಅಂದ ಅಂದರೆ ಮಾತು ಸತ್ತುಹೋಗುತ್ತೆ ಸಾರ್, ಅದಕ್ಕೆ ಜೀವ ತುಂಬಬೇಕು ಎಂದು ನನಗೇ ಪಾಠ ಹೇಳಿದ. ಮನೆಯಲ್ಲೂ ಇದೇ. ಊಟಕ್ಕೆ ಬನ್ನಿ ಅಂತ ಪಟಾಲಮ್ಮ ಅಬ್ಬರಿಸಿದಳು ಎಂದು ಫೋನಿನಲ್ಲಿ ಯಾರಿಗೋ ಹೇಳಿದ್ದನ್ನು ಅವಳು ಕೇಳಿಸಿಕೊಂಡಳು. ಅವತ್ತು ಅವಳು ನಿಜವಾಗಿಯೂ ಅಬ್ಬರಿಸಿದಳು, ನಮ್ಮ ಮನೆವರೆಗೆ ಕೇಳಿಸಿತು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಒಂದು ದಿನ ಸಂಪಿನ ಮುಚ್ಚಳ ತೆರೆದಿರುವುದನ್ನು ಕೃಷ್ಣಪ್ಪ ಕಂಡ. ಮುಚ್ಚಿಸೋಕೆ ಹೇಳು, ಯಾರಾದ್ರೂ ಬಿದ್ದಾರು ಎಂದು ಮುರಳಿಗೆ ಹೇಳಿ ಅಂಗಡಿಗೆ ಹೋದ. ಮುರಳಿ ಕೆಳಗೆ ಹೋಗಿ ದೊಡ್ಡಹನುಮಯ್ಯನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"'ಸಂಪು ಮುಚ್ಚಿಸಿ, ಯಾರಾದ್ರೂ ಬಿದ್ದಾರು' ಅಂತ ಕೃಷ್ಣಪ್ಪ ಹಲ್ಲು ಕಡಿದರು."

ದೊಡ್ಡಹನುಮಯ್ಯ ಪೇಪರ್ ಕೆಳಗಿಟ್ಟ. ಯಾರು ಬೀಳೋದು, ನಾನಾ ಎಂದು ಕೇಳಿದ. ಅದನ್ನು ಹೇಳಲಿಲ್ಲ, ಹಲ್ಲು ಮಾತ್ರ ಕಡಿದರು ಎಂದು ಮುರಳಿ ವಿವರಿಸಿದ. ಸರಿ ಮುಚ್ತೀನಿ ಅಂತ ಹೇಳು ಎಂದು ದೊಡ್ಡಹನುಮಯ್ಯ ಎದ್ದುಹೋದ. ಸಂಜೆ ಆ ಮಾತು ಮುರಳಿಯ ಬಾಯಲ್ಲಿ ಮೇಲೆ ಹೋಗುವಷ್ಟರಲ್ಲಿ ಬುಸುಗುಟ್ಟಿತು. ಮುಚ್ಚಳ ಮುಚ್ಚುವುದಕ್ಕೆ ಬುಸುಗುಟ್ಟುವುದೇನಿದೆ ಎಂದು ಕೃಷ್ಣಪ್ಪನಿಗೆ ಉರಿಯಿತು. ಬಿಪಿ ಮಾತ್ರೆಯ ವಿಚಾರಣೆ ನಿಂತುಹೋಯಿತು. ಆ ತಿಂಗಳು ಕುರ್ಚಿ ದಾಟಿಸುವಾಗ ಇಬ್ಬರೂ ಬಾಗಿಲು ಹಾಕಿಕೊಂಡು ಒಳಗೇ ಇದ್ದರು. ಮಕ್ಕಳು ಎಲ್ಲಿ ಎಂದು ಮುದುಕಿ ಕೇಳಿದರು. ಕೆಲಸದಲ್ಲಿದ್ದಾರೆ ಎಂದು ಅಮೀನಪ್ಪ ಹೇಳಿದ. ಅವನಿಗೆ ಕಥಾ ಕಮ್ಮಟದ ತರಬೇತಿ ಇರಲಿಲ್ಲ, ಆದ್ದರಿಂದ ಅಷ್ಟಕ್ಕೇ ನಿಲ್ಲಿಸಿದ.

ಎರಡನೆಯ ಭಾನುವಾರ ಮುರಳೀಕೃಷ್ಣ ತಾನು ಬರೆದ ಸಂಭಾಷಣೆ ಓದಿದ. ಶಿವಯೋಗಿ ಮೇಷ್ಟ್ರು ಸ್ವಲ್ಪ ಹೊತ್ತು ತಲೆ ಹಿಡಿದುಕೊಂಡು ಕೂತು, ಎಲ್ಲ ಪಾತ್ರಗಳಿಗೂ ಉಬ್ಬಸ ಇದ್ದಂಗ ಐತಲ್ರೀ ಎಂದರಂತೆ. ಈ ಕ್ರಿಯಾಪದ ಎಲ್ಲ ಬಿಡಿ, ಮಾತಾಡುವಾಗ ಆ ಮನುಷ್ಯ ಏನು ಮಾಡುತ್ತಿದ್ದ ಅದನ್ನು ತೋರಿಸಿ, ಓದುಗ ತಾನೇ ತಿಳಿದುಕೊಳ್ಳುತ್ತಾನೆ ಎಂದರಂತೆ. ಒಳ್ಳೆಯ ಮಾತೇ. ಆದರೆ ಯಾವ ಕೆಲಸ ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮುರಳೀಕೃಷ್ಣನ ವಿವೇಚನೆಗೆ ಬಿಟ್ಟದ್ದು ಮೇಷ್ಟ್ರ ತಪ್ಪು.

ಆ ವಾರ ಚಿಕ್ಕಲಕ್ಷ್ಮಮ್ಮನವರಿಗೆ ಸುಸ್ತು ಜಾಸ್ತಿಯಾಯಿತು. ಅವರು ಕೆಳಗಿದ್ದ ತಿಂಗಳು. ಕೃಷ್ಣಪ್ಪ ಹಿತ್ತಲಲ್ಲಿ ಎಳನೀರು ಕೆತ್ತುತ್ತಾ, ಅಮ್ಮನ್ನ ಈ ಸಲ ಮುಂಚೆನೇ ಕರ್ಕೊಂಡು ಹೋಗ್ತೀನಿ ಅಂತ ಅಣ್ಣಂಗೆ ಹೇಳು, ಡಾಕ್ಟರಿಗೆ ತೋರಿಸ್ಬೇಕು ಎಂದ. ಎಳನೀರೂ ತಾಯಿಗಾಗಿಯೇ. ಮುರಳಿ ಹೋಗಿ ಅಣ್ಣನಿಗೆ ಒಪ್ಪಿಸಿದ್ದು ಹೀಗೆ.

"'ಅಮ್ಮನ್ನ ಈ ಸಲ ಮುಂಚೆನೇ ಕರ್ಕೊಂಡು ಹೋಗ್ತೀನಿ.' ಕೃಷ್ಣಪ್ಪನ ಕೈಲಿ ಮಚ್ಚಿತ್ತು. ಹೆಬ್ಬೆರಳಲ್ಲಿ ಅಲಗು ಸವರಿ ನೋಡಿದರು."

ದೊಡ್ಡಹನುಮಯ್ಯ ಶರ್ಟು ಹಾಕಿಕೊಂಡು ನೆಟ್ಟಗೆ ಪೊಲೀಸ್ ಠಾಣೆಗೆ ಹೋದ.

ಠಾಣೆಗೆ ನಾನೂ ಹೋಗಿದ್ದೆ, ಬೀದಿಯ ಹಿರಿಯ ಎಂಬ ನೆಪದಲ್ಲಿ. ಸಬ್ ಇನ್ಸ್‌ಪೆಕ್ಟರ್ ಶಿಲ್ಪಾ ಎಂಬ ಹೆಣ್ಣುಮಗಳು, ಅವಳೂ ಉತ್ತರ ಕರ್ನಾಟಕದವಳೇ. ಅಣ್ಣತಮ್ಮಂದಿರನ್ನು ಎದುರುಬದುರು ಕೂರಿಸಿದಳು. ಇಬ್ಬರೂ ಮುರಳಿಯ ಮುಖ ನೋಡಿ, ಮೇಡಂಗೆ ಹೇಳು, ಮೇಡಂಗೆ ಹೇಳು ಎಂದರು. ಆಗ ಅವಳಿಗೆ ಮೂಲ ಎಲ್ಲಿದೆ ಎಂದು ಗೊತ್ತಾಯಿತು. ಮುರಳಿಯನ್ನು ಮುಂದಕ್ಕೆ ಕರೆದು, ಮಚ್ಚು ಹಿಡಿದು ಏನು ಮಾಡುತ್ತಿದ್ದರು ಎಂದು ಕೇಳಿದಳು. ಎಳನೀರು ಕೆತ್ತುತ್ತಿದ್ದರು ಎಂದ.

"ಮತ್ತ ಆ ಎಳನೀರು ಎಲ್ಲಿ ಹೋತ್ರೀ, ನೀವು ಹೇಳೂಮುಂದ?"

"ಎಳನೀರು ತಂದ್ರೆ ಸನ್ನಿವೇಶದ ತೀವ್ರತೆ ಕಮ್ಮಿ ಆಗತ್ತೆ ಮೇಡಂ. ಅದಕ್ಕೆ ಬಿಟ್ಟೆ."

ಶಿಲ್ಪಾ ಪೆನ್ನು ಕೆಳಗಿಟ್ಟಳು. ಪಕ್ಕದ ಕಾನ್‌ಸ್ಟೆಬಲ್ ಗೋಡೆ ಕಡೆ ತಿರುಗಿಕೊಂಡ. ಡಾಕ್ಟರ್ ವಿಷಯ ಏಕೆ ಬಿಟ್ಟಿರಿ ಎಂದು ಅವಳು ಕೇಳಿದ್ದಕ್ಕೆ, ಎಲ್ಲವನ್ನೂ ಹೇಳಿಬಿಟ್ಟರೆ ಓದುಗನಿಗೆ ಏನು ಉಳಿಯುತ್ತೆ ಎಂದು ಈ ಪುಣ್ಯಾತ್ಮ ಉತ್ತರ ಕೊಟ್ಟ. ಅವನನ್ನು ಒಳಗೆ ಹಾಕದೆ ಬಿಟ್ಟದ್ದು ಆ ಹೆಣ್ಣುಮಗಳ ದೊಡ್ಡತನ. ಇನ್ನು ಮೇಲೆ ಯಾರು ಏನು ಅಂದರೋ ಆ ಮಾತಷ್ಟನ್ನೇ ತೆಗೆದುಕೊಂಡು ಹೋಗಬೇಕು, ಹಿಂದೆ ಮುಂದೆ ಒಂದು ಅಕ್ಷರ ಸೇರಿಸಿದರೂ ಕೇಸು ಹಾಕುತ್ತೇನೆ ಎಂದು ಗದರಿಸಿ ಕಳಿಸಿದಳು. ಅಣ್ಣತಮ್ಮಂದಿರಿಗೆ, ಮನೆಗೆ ಹೋಗಿ ನೀವೇ ಕೂತು ಮಾತಾಡಿಕೊಳ್ಳಿ ಎಂದಳು. ಆದರೆ ಠಾಣೆಯ ಮೆಟ್ಟಿಲು ಹತ್ತಿಸಿದ ಅಣ್ಣನ ಜೊತೆ ಏನು ಮಾತು ಎಂದು ತಮ್ಮನಿಗೆ. ಮೊದಲು ಅವನೇ ಬಂದು ಮಾತಾಡಿಸಲಿ ಎಂದು ಅಣ್ಣನಿಗೆ. ತಾಯಿಯನ್ನು ಮಾತ್ರ ಕುರ್ಚಿಯಲ್ಲಿ ಮೇಲೆ ಸಾಗಿಸಿದರು. ಡಾಕ್ಟರ್ ಬಂದು ನೋಡಿ, ವಯಸ್ಸಾಯಿತು, ಬೇಕೆಂದದ್ದು ಕೊಡಿ ಎಂದು ಹೇಳಿ ಹೋದರು.

ಅವರಿಗೆ ಬೇಕೆಂದದ್ದು ಏನು ಎಂದು ಬೀದಿಗೆಲ್ಲ ಗೊತ್ತಿತ್ತು. ಅದನ್ನು ಡಾಕ್ಟರ್ ಚೀಟಿಯಲ್ಲಿ ಬರೆಯಲಾಗುವುದಿಲ್ಲ, ಅಷ್ಟೇ.

ಶನಿವಾರ ಮಧ್ಯಾಹ್ನ. ಪಟಾಲಮ್ಮ ನಡುವಿನ ಅಂತಸ್ತಿಗೆ ಬಂದು ತಾಯಿಗೆ ಗಂಜಿ ಕುಡಿಸುತ್ತಿದ್ದಳು. ಮುದುಕಿ ಎರಡು ಗುಟುಕಿಗೇ ಸಾಕೆಂದು ಕೈಯಾಡಿಸಿ, ಅಳಿಯನನ್ನು ಹತ್ತಿರ ಕರೆದು, ಇಬ್ಬರನ್ನೂ ಈಗಲೇ ಬರಹೇಳು ಎಂದರು. ಮುರಳೀಕೃಷ್ಣ ಓಡಿದ. ದಾರಿಯುದ್ದಕ್ಕೂ ಅವನ ತಲೆಯಲ್ಲಿದ್ದದ್ದು ಠಾಣೆ. ಒಂದು ಅಕ್ಷರ ಸೇರಿಸಬಾರದು. ಅವನು ದೊಡ್ಡಹನುಮಯ್ಯನ ಬಾಗಿಲಲ್ಲಿ ನಿಂತು, ಕೈಕಟ್ಟಿ, ಮುಖದಲ್ಲಿ ಏನನ್ನೂ ತೋರಿಸದೆ, ಮೇಲೆ ಬರಬೇಕಂತೆ ಎಂದ.

ಅಷ್ಟೇ. ಬಾಲವಿಲ್ಲ. ಯಾರು ಅಂದದ್ದು ಎಂದು ತಿಳಿಸುವುದಕ್ಕೇ ಆ ಬಾಲ ಇರುವುದು, ಉಳಿದದ್ದೆಲ್ಲ ಅಲಂಕಾರ ಎಂದು ಶಿವಯೋಗಿ ಮೇಷ್ಟ್ರು ಎರಡು ಭಾನುವಾರವೂ ಹೇಳಿದ್ದರಂತೆ. ತೀರಾ ಸುಲಭವಾಯಿತೆಂದು ನಮ್ಮವನು ಅದನ್ನು ಬರೆದುಕೊಂಡಿರಲಿಲ್ಲ.

ತಮ್ಮ ತಾನಾಗಿ ಕೆಳಗಿಳಿದು ಬರುತ್ತಾನೆ ಎಂದು ಠಾಣೆಯಿಂದ ಬಂದ ದಿನದಿಂದ ಕಾದು ಕೂತಿದ್ದ ದೊಡ್ಡಹನುಮಯ್ಯನಿಗೆ ಇದು ತಮ್ಮನ ಅಪ್ಪಣೆಯಾಗಿ ಕೇಳಿಸಿತು.

"ನಾನು ಹತ್ತಲ್ಲ. ಬೇಕಾದ್ರೆ ಇಳಿದು ಬರಲಿ ಅಂತ ಹೇಳು."

ಮುರಳಿ ಅದನ್ನು ಬಾಯಿಪಾಠ ಮಾಡಿಕೊಂಡು, ಅಲ್ಲಿಂದಲೇ ಕೃಷ್ಣಪ್ಪನ ಅಂಗಡಿಗೆ ಫೋನ್ ಮಾಡಿ, ಮನೆಗೆ ಬರಬೇಕಂತೆ ಎಂದ. ಅಣ್ಣ ಮತ್ತೆ ಏನೋ ಪಂಚಾಯಿತಿ ಸೇರಿಸಿದ್ದಾನೆ ಎಂದುಕೊಂಡ ಕೃಷ್ಣಪ್ಪ, ನಾನು ಬರಲ್ಲ, ಏನ್ ಮಾಡ್ಕೋಬೇಕೋ ಮಾಡ್ಕೊಳ್ಳಲಿ ಅನ್ನು ಎಂದು ಫೋನ್ ಇಟ್ಟ. ಗಿರಾಕಿಗೆ ಮೊಳೆ ತೂಗುತ್ತಿದ್ದನಂತೆ. ಯಾರು ಕರೆದದ್ದು ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಇಬ್ಬರೂ ಕೇಳಲಿಲ್ಲ. ಮಾತು ಬಿಟ್ಟು ಅಷ್ಟು ಕಾಲವಾದ ಮೇಲೆ, ಬಂದ ಮಾತೆಲ್ಲ ಆ ಇನ್ನೊಬ್ಬನದೇ ಇರಬೇಕು ಎಂದು ಅಭ್ಯಾಸವಾಗಿಬಿಟ್ಟಿತ್ತು.

ಮುರಳಿ ಮೇಲೆ ಹೋಗಿ ಹಾಸಿಗೆಯ ಪಕ್ಕ ನಿಂತು ಎರಡನ್ನೂ ಒಂದಕ್ಷರ ಬಿಡದೆ ಒಪ್ಪಿಸಿದ. ಒಬ್ಬರು ಹತ್ತಲ್ಲವಂತೆ, ಬೇಕಾದ್ರೆ ಇಳಿದು ಬರಬೇಕಂತೆ. ಇನ್ನೊಬ್ಬರು ಬರಲ್ಲವಂತೆ, ಏನ್ ಮಾಡ್ಕೋಬೇಕೋ ಮಾಡ್ಕೊಳ್ಳಲಿ ಅಂತೆ.

ಪಟಾಲಮ್ಮ ಗಂಜಿ ಲೋಟ ಹಿಡಿದವಳು ಹಾಗೇ ಕೂತಳು. ಬಾಗಿಲ ಹತ್ತಿರ, ನೀರಿನ ಕ್ಯಾನು ತಂದಿದ್ದ ಅಮೀನಪ್ಪನೂ ನಿಂತ. ಮುದುಕಿ ಅಳಿಯನ ಮುಖ ನೋಡಿದರು, ಮಗಳ ಮುಖ ನೋಡಿದರು. ಆಮೇಲೆ ನಕ್ಕರು. ಚಿಕ್ಕ ಮಕ್ಕಳು ಹಟ ಮಾಡಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ.

"ಸರಿ ಬಿಡು, ನಾನೇ ಇಳೀತೀನಿ. ಕುರ್ಚಿ ತಗಂಬಾ."

ಬೇಡ ಎಂದು ಪಟಾಲಮ್ಮ ಬೇಡಿಕೊಂಡಳು. ಕೇಳುವ ಹೆಂಗಸಲ್ಲ ಅದು. ಕುರ್ಚಿ ಬಂತು. ಅಮೀನಪ್ಪ ಮುಂದೆ, ಮುರಳಿ ಹಿಂದೆ. ಮೆಟ್ಟಿಲು ತಿರುಗುವ ಕಡೆ ಕುರ್ಚಿ ಇಳಿಸಿ ಉಸಿರು ತೆಗೆದುಕೊಂಡರು. ಮತ್ತೆ ಎತ್ತಲು ಬಗ್ಗಿದ ಅಮೀನಪ್ಪ, ಎತ್ತದೆ ಹಾಗೇ ಮಂಡಿಯೂರಿ ಕೂತ. ಅವ್ವಾ ಎಂದು ಎರಡು ಸಲ ಕರೆದ. ಆಮೇಲೆ ಮುರಳಿಯ ಕಡೆ ನೋಡಿ ತಲೆಯಾಡಿಸಿದ.

ದೊಡ್ಡಹನುಮಯ್ಯ ಪಟಾಲಮ್ಮನ ಅಳು ಕೇಳಿ ಹೊರಗೆ ಬಂದ. ಕೃಷ್ಣಪ್ಪನಿಗೆ ನಾನೇ ಫೋನ್ ಮಾಡಿದೆ, ಯಾರು ಮಾತಾಡುತ್ತಿರುವುದು ಎಂದು ಮೊದಲು ಹೆಸರು ಹೇಳಿ. ಸ್ಕೂಟರ್ ಗೇಟಿನಲ್ಲೇ ಬೀಳಿಸಿ ಓಡಿ ಬಂದ. ಅಣ್ಣ ಕೆಳಗಿನ ಮೆಟ್ಟಿಲಲ್ಲಿ, ತಮ್ಮ ಅವನ ಹಿಂದೆ, ಎದುರಿಗೆ ತಿರುವಿನಲ್ಲಿ ತಾಯಿ ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದರು. ಬೀದಿ ಸುಮ್ಮನಿರುತ್ತದೆಯೇ? ಹೆಣವನ್ನು ಯಾರ ಮನೆಯ ಮುಂದೆ ಮಲಗಿಸಬೇಕು ಎಂದು ಚರ್ಚೆ ಶುರುವಾಯಿತು. ತಿಂಗಳ ಲೆಕ್ಕದಲ್ಲಿ ಕಿರಿಯವನದು ಎಂದರು ಕೆಲವರು. ಅರ್ಧ ಇಳಿದಾಗಿದೆ, ಹಿರಿಯವನದು ಎಂದರು ಇನ್ನು ಕೆಲವರು. ಮೂಲೆಮನೆಯ ಗಿರಿಜಾದೇವಿ, ಮೆಟ್ಟಿಲ ತಿರುವಿನಲ್ಲಿ ಹೋದ ಜೀವಕ್ಕೆ ಬೇರೆ ಶಾಂತಿ ಮಾಡಿಸಬೇಕು ಎಂದು ಪುರೋಹಿತರ ನಂಬರು ಹುಡುಕತೊಡಗಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಬ್ಬರು ಮಕ್ಕಳನ್ನು ಎದುರಿಗಿಟ್ಟುಕೊಂಡು ಆ ಜೀವಕ್ಕೆ ಒಂದು ಗಳಿಗೆ ಕೂರಲು ಆಗಲಿಲ್ಲವಲ್ಲ ಎಂದು ನಾನು ಎಲ್ಲರ ಮುಂದೆ ಅತ್ತುಬಿಟ್ಟೆ.

ಉಲ್ಲಾಳದ ಹತ್ತಿರ ಮಾರದೆ ಉಳಿಸಿಕೊಂಡಿದ್ದ ತುಂಡು ಜಾಗದಲ್ಲಿ, ಗಂಡನ ಸಮಾಧಿಯ ಪಕ್ಕ ಮಣ್ಣು ಮಾಡಿದರು. ಸುತ್ತ ಅಪಾರ್ಟ್‌ಮೆಂಟು. ಹೆಂಗಸರು ಬರಲಿಲ್ಲ. ಎಲ್ಲ ಮುಗಿದು ಜನ ಕೈಕಾಲು ತೊಳೆಯುತ್ತಿದ್ದಾಗ ದೊಡ್ಡಹನುಮಯ್ಯ ತಮ್ಮನ ಎದುರಿಗೆ ಬಂದು ನಿಂತ. ಮುರಳಿಯ ಮುಖ ನೋಡಲಿಲ್ಲ.

"ಆವತ್ತು ನನ್ನನ್ಯಾಕೋ ಮೇಲೆ ಕರೆಸ್ದೆ?"

"ನಾನೆಲ್ಲಿ ಕರೆಸ್ದೆ ಅಣ್ಣ? ಅಂಗಡೀಲಿದ್ದೆ. ನೀನೇ ಅಲ್ವಾ ನನ್ನನ್ನ ಮನೆಗೆ ಕರೆಸಿದ್ದು?"

ನಿಧಾನಕ್ಕೆ ಒಂದೊಂದೇ ಬಿಚ್ಚಿಕೊಂಡಿತು. ಸಂಪಿನ ಮುಚ್ಚಳ, ಮಚ್ಚು, ಎಳನೀರು, ಕೊನೆಗೆ ಶನಿವಾರ. ಕರೆದದ್ದು ಅಮ್ಮ ಎಂದು ಗೊತ್ತಾದಾಗ ದೊಡ್ಡಹನುಮಯ್ಯ ಮಣ್ಣಿನ ಮೇಲೇ ಕೂತ. ಮುರಳೀಕೃಷ್ಣ ಒಂದು ಗೋಡೆಯ ಹತ್ತಿರ ಒದ್ದೆ ಪಂಚೆಯಲ್ಲಿ ನಡುಗುತ್ತಾ ನಿಂತಿದ್ದ. ಅವನನ್ನು ಹೊಡೆಯುತ್ತಾರೆ ಎಂದುಕೊಂಡೆವು, ನಾನು ಬಿಡಿಸಬಾರದು ಎಂದೂ ತೀರ್ಮಾನಿಸಿದ್ದೆ. ಹೊಡೆಯಲಿಲ್ಲ. ನಾವು ಬರಲ್ಲ ಅಂದಾಗ ಅಮ್ಮ ಏನಂದಳು ಎಂದಷ್ಟೇ ಕೃಷ್ಣಪ್ಪ ಕೇಳಿದ. ಸರಿ ಬಿಡು ನಾನೇ ಇಳೀತೀನಿ ಅಂದರು ಎಂದ ಮುರಳಿ.

"ಹೆಂಗಂದ್ಲು?"

ಮುರಳಿ ಪಂಚೆಯ ಅಂಚಿನ ನೀರು ಹಿಂಡತೊಡಗಿದ. ಠಾಣೆ ನೆನಪಾಯಿತೋ ಏನೋ.

"ಹೇಳಪ್ಪ. ಯಾವತ್ತೂ ಹೇಳ್ತಿದ್ಯಲ್ಲ. ಅಳ್ತಾ ಅಂದ್ಲಾ? ಬೈಕೊಂಡು ಅಂದ್ಲಾ?"

"ನಗ್ತಾ ಅಂದ್ರು."

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಲ್ಲು ಕಡಿದದ್ದನ್ನು ನಂಬಿದವರು, ಬುಸುಗುಟ್ಟಿದ್ದನ್ನು ನಂಬಿದವರು, ಮಚ್ಚಿನ ಅಲಗನ್ನು ನಂಬಿ ಠಾಣೆಗೆ ಹೋದವರು ಇದೊಂದನ್ನು ನಂಬಲಿಲ್ಲ. ಇವತ್ತಾದ್ರೂ ನಿಜ ಹೇಳಬಾರದಾ ಎಂದು ದೊಡ್ಡಹನುಮಯ್ಯ ಎದ್ದು, ತಮ್ಮನ ಹೆಗಲ ಮೇಲೆ ಕೈಯಿಟ್ಟು ಕಾರಿನ ಕಡೆ ಹೋದ. ಮುರಳೀಕೃಷ್ಣನನ್ನು ಯಾರೂ ಕರೆಯಲಿಲ್ಲ. ನಾನು ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ.

ಅಮ್ಮ ನಕ್ಕದ್ದು ನಿಜ ಎಂದು ಪಟಾಲಮ್ಮ ದೇವರ ಮೇಲೆ ಆಣೆಯಿಟ್ಟು ಹೇಳಿದಳು, ಗಂಡನನ್ನು ಉಳಿಸಿಕೊಳ್ಳಲು ಹೇಳುತ್ತಿದ್ದಾಳೆ ಎಂದರು. ಅಮೀನಪ್ಪ ಹೇಳಿದ, ಅವನಿಗೆ ಹೇಳಿಕೊಟ್ಟಿದ್ದಾರೆ ಎಂದರು. ಈಗ ಅಣ್ಣತಮ್ಮಂದಿರು ಬಹಳ ಅನ್ಯೋನ್ಯ. ದಿನಾ ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ಇಬ್ಬರೂ ಮೆಟ್ಟಿಲ ತಿರುವಿನಲ್ಲಿ ಒತ್ತಿಕೊಂಡು ಕೂರುತ್ತಾರೆ. ನಮ್ಮ ಬಾಲ್ಕನಿಗೆ ಎಲ್ಲ ಕೇಳಿಸುತ್ತದೆ. ಅಳ್ತಾನೇ ಅಂದಿರ್ತಾಳೆ ಕಣೋ ಎನ್ನುತ್ತಾನೆ ಅಣ್ಣ. ಇಲ್ಲ ಅಣ್ಣ, ಶಾಪ ಹಾಕ್ಕೊಂಡು ಅಂದಿರ್ತಾಳೆ ಎನ್ನುತ್ತಾನೆ ತಮ್ಮ. ಮೇಲಿನ ಕೋಣೆಯ ಕಿಟಕಿಯಲ್ಲಿ ಮುರಳೀಕೃಷ್ಣ ಕೂತಿರುತ್ತಾನೆ, ಕೆಳಗಿಳಿಯುವುದಿಲ್ಲ. ಕತ್ತಲಾಗುವವರೆಗೆ ಅವರು ಇದೇ ಮಾತಾಡಿ, ಎದ್ದು, ಒಬ್ಬ ಮೇಲೆ ಒಬ್ಬ ಕೆಳಗೆ ಊಟಕ್ಕೆ ಹೋಗುತ್ತಾರೆ.